ಹೆಸರು ಹೇಳದ ಲೇಪ: ಕೈಟೋಸಾನ್ ಬಟ್ಟೆಯೂ ಶ್ರಾವಕ ವ್ಯಾಪಾರಿಯ ಧರ್ಮವೂ

ಆಹಾರದ ವಿಷಯದಲ್ಲಿ ಜೈನ ಸಮಾಜವು ವಹಿಸುವ ಎಚ್ಚರಿಕೆ ಲೋಕಪ್ರಸಿದ್ಧವಾದುದು. ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಹಸಿರು ಚುಕ್ಕಿಯನ್ನು ನೋಡದೆ ಮಗುವಿನ ಕೈಗೆ ಕೊಡದ ಶ್ರಾವಿಕೆಯರು, ಸೋಸದ ನೀರನ್ನು ಮುಟ್ಟದ ಶ್ರಾವಕರು, ಸೂರ್ಯಾಸ್ತಕ್ಕೆ ಮುನ್ನವೇ ಊಟವನ್ನು ಮುಗಿಸುವ ಮನೆಗಳು ಇಂದಿಗೂ ಊರೂರಿನಲ್ಲಿವೆ. ಆದರೆ ಅದೇ ಶ್ರಾವಕನು ದಿನವಿಡೀ ಮೈಗೆ ತಾಗಿಸಿಕೊಂಡಿರುವ ಬನಿಯನ್ನನ್ನೋ ಕಾಲುಚೀಲವನ್ನೋ ಒಮ್ಮೆಯೂ ತಿರುಗಿಸಿ ನೋಡುವುದಿಲ್ಲ. ನೋಡಿದರೂ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ನೂಲಿನ ಹೆಸರು ಇರುತ್ತದೆಯೇ ಹೊರತು ನೂಲಿಗೆ ಬಳಿದ ಲೇಪದ ಹೆಸರು ಇರುವುದಿಲ್ಲ. ‘ಬ್ಯಾಕ್ಟೀರಿಯಾ ನಿರೋಧಕ’, ‘ದುರ್ಗಂಧ ನಿವಾರಕ’, ‘ನೈಸರ್ಗಿಕ’ ಎಂಬ ಮಾತುಗಳಷ್ಟೇ ಅಚ್ಚಾಗಿರುತ್ತವೆ. ಈ ಮೌನದ ಹಿಂದೆ ಒಂದೊಂದು ಬಟ್ಟೆಯಲ್ಲಿ ಒಂದೊಂದು ವಸ್ತು ಇರಬಹುದು. ಅವುಗಳಲ್ಲಿ ಒಂದು ಸೀಗಡಿ ಮತ್ತು ಏಡಿಗಳ ಚಿಪ್ಪಿನಿಂದ ತೆಗೆದ ಕೈಟೋಸಾನ್.

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಸಮುದ್ರವು ಬಹುದೂರ. ಇಲ್ಲಿನ ಜನಜೀವನವು ಎರೆಭೂಮಿ ಮತ್ತು ಮಸಬು ಭೂಮಿಗಳ ಬೆಳೆಯನ್ನು ನಂಬಿದ್ದು; ಮೆಕ್ಕೆಜೋಳ, ಶೇಂಗಾ, ಹತ್ತಿ, ಜೋಳ ಇಲ್ಲಿನ ಮಾರುಕಟ್ಟೆಯ ಮಾತು. ಆದುದರಿಂದ ಸೀಗಡಿಯ ಚಿಪ್ಪಿಗೂ ಈ ನಾಡಿನ ಶ್ರಾವಕನಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ಜವಳಿಯ ಮೂಲಕ ಬರುತ್ತದೆ. ಇಲ್ಲಿ ಬೆಳೆದ ಹತ್ತಿ ಜಿನ್ನಿಂಗ್ ಕಾರ್ಖಾನೆಗೆ ಹೋಗಿ, ಅಲ್ಲಿಂದ ಗಿರಣಿಗೆ ಹೋಗಿ, ನೂಲಾಗಿ, ಬಟ್ಟೆಯಾಗಿ, ಎಲ್ಲಿಯೋ ಒಂದು ಸಂಸ್ಕರಣಾ ಘಟಕದಲ್ಲಿ ಅಂತಿಮ ಲೇಪನವನ್ನು ಪಡೆದು, ತಿರುಪ್ಪೂರು, ಸೂರತ್, ಭಿವಂಡಿ, ಬೆಂಗಳೂರಿನ ಚಿಕ್ಕಪೇಟೆ ಮುಂತಾದ ಸಗಟು ಪೇಟೆಗಳ ದಾರಿಯಾಗಿ ಮತ್ತೆ ಇಲ್ಲಿನ ಜವಳಿ ಅಂಗಡಿಗೆ ಬರುತ್ತದೆ. ಹೋದದ್ದು ಹತ್ತಿ ಮಾತ್ರ. ಬಂದದ್ದು ಹತ್ತಿಯೊಡನೆ ಮತ್ತೇನು ಎಂಬುದು ಮಾರುವವನಿಗೂ ತಿಳಿಯದು, ಉಡುವವನಿಗೂ ತಿಳಿಯದು. ಈ ಅಜ್ಞಾನವು ತಾನಾಗಿ ಉಂಟಾದುದಲ್ಲ. ಯಾರೂ ಹೇಳದಿರುವುದರಿಂದ, ಅದಕ್ಕಿಂತ ಮಿಗಿಲಾಗಿ ಯಾರೂ ಕೇಳದಿರುವುದರಿಂದ ಉಂಟಾದುದು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ತಿಳಿಯದೆ ನಿಂದಿಸುವುದು ಸಮ್ಯಗ್ಜ್ಞಾನದ ಮಾರ್ಗವಲ್ಲ. 1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೋ ಎಂಬ ವಿಜ್ಞಾನಿಯು ಅಣಬೆಗಳಲ್ಲಿ ಒಂದು ಗಟ್ಟಿ ಪದಾರ್ಥವನ್ನು ಕಂಡುಹಿಡಿದನು. ಅದೇ ಪದಾರ್ಥವು ಕೀಟಗಳ ಹೊರಕವಚದಲ್ಲಿಯೂ ಇರುವುದು ತಿಳಿದಾಗ, 1823ರಲ್ಲಿ ಓಡಿಯೇ ಎಂಬುವನು ಅದನ್ನು ಕೈಟಿನ್ ಎಂದು ಕರೆದನು. ಸೀಗಡಿ, ಏಡಿಗಳ ಚಿಪ್ಪಿನಲ್ಲಿ ಸುಣ್ಣದ ಅಂಶ ಮತ್ತು ಪ್ರೋಟೀನಿನ ಜೊತೆಗೆ ಈ ಕೈಟಿನ್ ಇರುತ್ತದೆ. 1859ರಲ್ಲಿ ರೂಜೆ ಎಂಬುವನು ಕೈಟಿನ್ನನ್ನು ತೀವ್ರವಾದ ಕ್ಷಾರದಲ್ಲಿ ಕುದಿಸಿ, ಆಮ್ಲದಲ್ಲಿ ಕರಗುವ ಹೊಸ ರೂಪವನ್ನು ಪಡೆದನು. 1894ರಲ್ಲಿ ಜರ್ಮನಿಯ ಹೋಪ್ಪೆ-ಸೈಲರ್ ಅದಕ್ಕೆ ಕೈಟೋಸಾನ್ ಎಂಬ ಹೆಸರನ್ನು ಕೊಟ್ಟನು.

ಇಂದಿನ ತಯಾರಿಕೆಯೂ ಮೂಲತಃ ಅದೇ ಕ್ರಮದ್ದು. ಚಿಪ್ಪನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಸುಣ್ಣವನ್ನು ತೆಗೆಯುತ್ತಾರೆ. ತೆಳುವಾದ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿ ಪ್ರೋಟೀನನ್ನು ತೆಗೆಯುತ್ತಾರೆ. ಉಳಿದ ಕೈಟಿನ್ನನ್ನು ಶೇಕಡಾ 40ರಿಂದ 50ರಷ್ಟು ತೀವ್ರತೆಯ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಿ ಕೈಟೋಸಾನ್ ಆಗಿ ಪರಿವರ್ತಿಸುತ್ತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸೀಗಡಿ ಚಿಪ್ಪಿನಿಂದ ಇದನ್ನು ತಯಾರಿಸುವ ವಿಧಾನವನ್ನು ರೂಪಿಸಿದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಕೈಟಿನ್ ಮತ್ತು ಕೈಟೋಸಾನ್‌ಗಳ ಕುರಿತು ಬಹುಕಾಲ ಸಂಶೋಧನೆ ನಡೆಸಿದ್ದಾರೆ. ಆದುದರಿಂದ ಇದು ಪರದೇಶದ ಯಾವುದೋ ವಿಚಿತ್ರ ವಸ್ತುವೆಂದು ತಳ್ಳಿಹಾಕುವಂತಿಲ್ಲ.

ಬಟ್ಟೆಗೆ ಇದು ಒಗ್ಗುವುದು ಹೇಗೆಂದರೆ, ತೆಳುವಾದ ಅಸಿಟಿಕ್ ಆಮ್ಲದಲ್ಲಿ ಕೈಟೋಸಾನನ್ನು ಕರಗಿಸಿ, ಆ ದ್ರಾವಣದಲ್ಲಿ ಬಟ್ಟೆಯನ್ನು ಅದ್ದಿ, ಉರುಳೆಗಳ ನಡುವೆ ಹಿಂಡಿ, ಒಣಗಿಸಿ, ಹೆಚ್ಚಿನ ಶಾಖದಲ್ಲಿ ಹದಗೊಳಿಸುತ್ತಾರೆ. ಆಮ್ಲಗುಣದ ತೇವದಲ್ಲಿ ಕೈಟೋಸಾನಿನ ಅಮೈನೋ ಗುಂಪುಗಳು ಧನ ವಿದ್ಯುದಂಶವನ್ನು ಪಡೆಯುತ್ತವೆ. ಬ್ಯಾಕ್ಟೀರಿಯಾದ ಹೊರಭಿತ್ತಿಯಲ್ಲಿರುವುದು ಋಣ ವಿದ್ಯುದಂಶ. ಇವೆರಡೂ ಒಂದನ್ನೊಂದು ಹಿಡಿದುಕೊಂಡಾಗ ಆ ಸೂಕ್ಷ್ಮಜೀವಿಯ ಭಿತ್ತಿ ಶಿಥಿಲವಾಗಿ ಒಳಗಿನ ದ್ರವ್ಯವು ಸೋರಿಹೋಗುತ್ತದೆ. ಜಪಾನಿನ ಒಂದು ಕಂಪನಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಸ್ಕೋಸಿನೊಡನೆ ಇದನ್ನು ಬೆರೆಸಿ ನೂಲನ್ನೇ ತೆಗೆದು ‘ಕ್ರಾಬಿಯಾನ್’ ಎಂದು ಹೆಸರಿಟ್ಟಿತು. ಇಂಗ್ಲಿಷಿನಲ್ಲಿ ಏಡಿಗೆ ಇರುವ ಹೆಸರು ಆ ನೂಲಿನ ಹೆಸರಿನಲ್ಲಿಯೇ ಇದೆ. ಅಷ್ಟರ ಮಟ್ಟಿಗೆ ಆ ಕಂಪನಿಯು ಪ್ರಾಮಾಣಿಕವೆಂದೇ ಹೇಳಬೇಕು. ತನ್ನ ಮೂಲವನ್ನು ಅದು ಹೆಸರಿನಿಂದ ಮರೆಮಾಚಲಿಲ್ಲ.

ಮರೆಮಾಚುವಿಕೆ ನಡೆಯುವುದು ‘ನೈಸರ್ಗಿಕ’ ಎಂಬ ಒಂದೇ ಶಬ್ದದಲ್ಲಿ. ಈ ಶಬ್ದವನ್ನು ಕೇಳಿದೊಡನೆ ಈ ನಾಡಿನ ಗ್ರಾಹಕನ ಮನಸ್ಸಿಗೆ ಬೇವು, ಅರಿಶಿನ, ತುಳಸಿಗಳು ಬರುತ್ತವೆ. ಏಡಿಯ ಚಿಪ್ಪು ಬರುವುದಿಲ್ಲ. ಮಾರಾಟಗಾರನಿಗೆ ಬೇಕಾದುದೂ ಅದೇ. ಚಿಪ್ಪು ನೈಸರ್ಗಿಕವೆಂಬುದು ಸುಳ್ಳಲ್ಲ. ಆದರೆ ಎಲುಬೂ ನೈಸರ್ಗಿಕ, ಚರ್ಮವೂ ನೈಸರ್ಗಿಕ. ಪ್ರಾಣಿಯ ದೇಹದಿಂದ ಬಂದುದನ್ನು ಗಿಡದಿಂದ ಬಂದಂತೆ ತೋರಿಸುವ ಶಬ್ದವು ಅಕ್ಷರಶಃ ನಿಜವಾಗಿದ್ದರೂ ಉದ್ದೇಶದಲ್ಲಿ ಅಸತ್ಯವೇ ಆಗುತ್ತದೆ. ಅಲ್ಲದೆ ತೀವ್ರ ಆಮ್ಲದಲ್ಲಿಯೂ ತೀವ್ರ ಕ್ಷಾರದಲ್ಲಿಯೂ ಬೆಂದು, ಬಹಳಷ್ಟು ನೀರಿನಲ್ಲಿ ತೊಳೆಯಲ್ಪಟ್ಟು ಬಂದ ವಸ್ತುವಿಗೆ ಈ ಹೆಸರು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದೂ ವಿಚಾರಾರ್ಹ.

ಇಲ್ಲಿ ಒಂದು ಆಕ್ಷೇಪವು ಎದುರಾಗುತ್ತದೆ. ಅದು ಲಘುವಾದ ಆಕ್ಷೇಪವಲ್ಲ. ‘ಚಿಪ್ಪಿಗಾಗಿ ಯಾರೂ ಸೀಗಡಿಯನ್ನು ಕೊಲ್ಲುವುದಿಲ್ಲ. ಅದನ್ನು ಮಾಂಸಕ್ಕಾಗಿ ಕೊಲ್ಲುತ್ತಾರೆ. ಚಿಪ್ಪು ತಿಪ್ಪೆಗೆ ಬೀಳುವ ಕಸ. ಕಡಲತೀರದಲ್ಲಿ ಕೊಳೆತು ನಾರುವ ಕಸವನ್ನು ಉಪಯೋಗಕ್ಕೆ ತಂದರೆ ಪರಿಸರಕ್ಕೆ ಉಪಕಾರವೇ ಆಯಿತು. ಹೀಗಿರುವಾಗ ಬಟ್ಟೆಗೆ ಹಿಂಸೆಯ ದೋಷವು ಹೇಗೆ ತಟ್ಟುತ್ತದೆ?’ ಎಂದು ವಿದ್ಯಾವಂತರು ಕೇಳುತ್ತಾರೆ. ಪರಿಸರದ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಒಪ್ಪಬೇಕು. ಆದರೆ ‘ಕಸ’ ಎಂಬ ಮಾತನ್ನು ಲೆಕ್ಕಪತ್ರ ಬಲ್ಲ ವ್ಯಾಪಾರಿಯು ಒಪ್ಪಲಾರನು.

ಬೆಲೆಯಿಲ್ಲದುದು ಮಾತ್ರ ಕಸ. ಬೆಲೆ ಬಂದ ದಿನವೇ ಅದು ಉಪೋತ್ಪನ್ನ. ವೆಚ್ಚದ ಲೆಕ್ಕಶಾಸ್ತ್ರದಲ್ಲಿ ಉಪೋತ್ಪನ್ನದಿಂದ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವುದು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವ ಆರಂಭದ ಪಾಠಗಳಲ್ಲೊಂದು. ಕೊಟ್ಟೂರು, ಹರಪನಹಳ್ಳಿಗಳ ವ್ಯಾಪಾರಿಗೆ ಇದನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ. ಎಣ್ಣೆ ಗಾಣದವನು ಶೇಂಗಾಕ್ಕೆ ದರವನ್ನು ಕೂಗುವಾಗ ಎಣ್ಣೆಯೊಂದನ್ನೇ ಲೆಕ್ಕ ಹಾಕುವುದಿಲ್ಲ. ಹಿಂಡಿಗೆ ಎಷ್ಟು ಬರುತ್ತದೆ, ಹೊಟ್ಟಿಗೆ ಎಷ್ಟು ಬರುತ್ತದೆ ಎಂಬುದನ್ನೂ ಕೂಡಿಸಿಯೇ ಕೂಗುತ್ತಾನೆ. ಹತ್ತಿಯ ದರದೊಳಗೆ ಹತ್ತಿಕಾಳಿನ ದರವೂ ಅಡಗಿರುತ್ತದೆ. ಹಿಂಡಿಯ ಪೇಟೆ ಬಿದ್ದರೆ ಶೇಂಗಾದ ಪೇಟೆಯೂ ಅಲುಗುತ್ತದೆ. ಸೀಗಡಿಯ ಲೆಕ್ಕವು ಇದಕ್ಕಿಂತ ಬೇರೆಯಲ್ಲ. ಉದಾಹರಣೆಗೆ, ಸಂಸ್ಕರಣೆ ಮಾಡುವವನು 100 ರೂಪಾಯಿಗೆ ಕೊಂಡ ಸೀಗಡಿಯ ತಲೆ ಮತ್ತು ಚಿಪ್ಪು 2 ರೂಪಾಯಿಗೆ ಮಾರಾಟವಾದರೆ ಅವನ ಮಾಂಸದ ವೆಚ್ಚವು 98 ರೂಪಾಯಿಗೆ ಇಳಿಯಿತು. ಆ 2 ರೂಪಾಯಿ ಅವನು ಮತ್ತಷ್ಟು ಕೊಳ್ಳಲು ಬಲವಾಯಿತು. ಅದನ್ನು ಕೊಟ್ಟವನು ಯಾರು? ಹಲವು ಕೈ ದಾಟಿ ನೋಡಿದರೆ, ಆ ಬನಿಯನ್ನನ್ನು ಕೊಂಡವನು.

ಈ ವ್ಯಾಪಾರದ ಗಾತ್ರವನ್ನೂ ಗಮನಿಸಬೇಕು. 2023-24ರಲ್ಲಿ ಭಾರತದಿಂದ ರಫ್ತಾದ ಶೀತಲೀಕೃತ ಸೀಗಡಿಯು ಸುಮಾರು 7.16 ಲಕ್ಷ ಟನ್; ಬೆಲೆ ಸುಮಾರು 40,000 ಕೋಟಿ ರೂಪಾಯಿ. ಸೀಗಡಿಯ ತೂಕದಲ್ಲಿ ತಲೆ ಮತ್ತು ಚಿಪ್ಪುಗಳ ಪಾಲು ಸಾಮಾನ್ಯವಾಗಿ ಶೇಕಡಾ 40ಕ್ಕೂ ಮಿಗಿಲು. ಇಷ್ಟು ದೊಡ್ಡ ಉದ್ಯಮಕ್ಕೆ ಚಿಪ್ಪಿನ ಮಾರುಕಟ್ಟೆ ಬೆಳೆದಷ್ಟೂ ಲಾಭ ಹೆಚ್ಚುತ್ತದೆ, ಲಾಭ ಹೆಚ್ಚಿದಷ್ಟೂ ಕೊಳಗಳು ಹೆಚ್ಚುತ್ತವೆ. ಈ ಸರಪಣಿಯಲ್ಲಿ ಬಟ್ಟೆಯ ಕೊಂಡಿ ಚಿಕ್ಕದಿರಬಹುದು. ಆದರೆ ಚಿಕ್ಕದೆಂಬ ಕಾರಣಕ್ಕೆ ಇಲ್ಲವೆಂದು ಹೇಳುವುದು ಲೆಕ್ಕಪತ್ರಕ್ಕೂ ಸಲ್ಲದು, ಧರ್ಮಕ್ಕೂ ಸಲ್ಲದು.

ಶಾಸ್ತ್ರದ ದೃಷ್ಟಿಯಿಂದಲೂ ಈ ವಿಷಯ ಹೊಸದಲ್ಲ. ಗೃಹಸ್ಥನಿಗೆ ಹಿಂಸೆಯು ಸಂಪೂರ್ಣವಾಗಿ ತಪ್ಪಿದ್ದಲ್ಲವೆಂದು ತಿಳಿದೇ ಆಚಾರ್ಯರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂಬ ನಾಲ್ಕು ಭೇದಗಳನ್ನು ಹೇಳಿದರು. ಅಣುವ್ರತಿಯು ತ್ರಸಜೀವಿಗಳ ಸಂಕಲ್ಪಿ ಹಿಂಸೆಯನ್ನು ಬಿಡಲೇಬೇಕು. ಅಡುಗೆ, ಬೇಸಾಯ, ವ್ಯಾಪಾರಗಳಲ್ಲಿ ಅನಿವಾರ್ಯವಾಗಿ ಆಗುವುದನ್ನು ಎಚ್ಚರದಿಂದ ತಗ್ಗಿಸಬೇಕು. ಸೀಗಡಿ, ಏಡಿಗಳು ತ್ರಸಜೀವಿಗಳೆಂಬುದರಲ್ಲಿ ವಿವಾದವಿಲ್ಲ. ಇನ್ನು ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದಲೂ ಕರ್ಮವು ಹರಿದುಬರುತ್ತದೆ. ‘ನಾನು ಕೊಲ್ಲಲಿಲ್ಲ’ ಎಂಬ ಮಾತು ಮೊದಲ ದ್ವಾರವನ್ನಷ್ಟೇ ಮುಚ್ಚುತ್ತದೆ. ಉಳಿದೆರಡು ತೆರೆದೇ ಇರುತ್ತವೆ.

ವ್ಯಾಪಾರಿಗೆ ಇನ್ನೂ ಸ್ಪಷ್ಟವಾದ ಮಾತುಗಳಿವೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ತ್ಯಜಿಸಬೇಕಾದ 15 ವೃತ್ತಿಗಳನ್ನು ಹೇಳುವಾಗ ದಂತವಾಣಿಜ್ಯವೆಂಬುದನ್ನು ದಂತಕ್ಕಷ್ಟೇ ಸೀಮಿತಗೊಳಿಸಲಿಲ್ಲ. ಕೂದಲು, ಉಗುರು, ಎಲುಬು, ಚರ್ಮ ಮೊದಲಾದ ತ್ರಸಜೀವಿಗಳ ಅಂಗಗಳನ್ನು ಅವು ದೊರೆಯುವ ಸ್ಥಳದಲ್ಲಿಯೇ ವ್ಯಾಪಾರಕ್ಕಾಗಿ ಕೊಳ್ಳುವುದೆಲ್ಲವೂ ಅದರಲ್ಲಿ ಸೇರುತ್ತದೆ. ಕೊಳ್ಳುವವನು ಬಾಗಿಲಲ್ಲಿ ಹಣ ಹಿಡಿದು ನಿಂತರೆ ಬೇಟೆಗಾರನು ಮತ್ತೆ ಕಾಡಿಗೆ ಹೋಗುತ್ತಾನೆ ಎಂಬುದೇ ಇದರ ತಾತ್ಪರ್ಯ. ಚಿಪ್ಪು ಈ ಪಟ್ಟಿಗೆ ಹೊರತಾಗಲು ಕಾರಣವಿಲ್ಲ. ‘ಕೂಡ್ಲಿಗಿಯ ಜವಳಿಯವನು ಚಿಪ್ಪು ದೊರೆಯುವ ಸ್ಥಳದಲ್ಲಿ ಕೊಳ್ಳುವುದಿಲ್ಲವಲ್ಲ, ಐದಾರು ಕೈ ದಾಟಿ ಬಂದುದನ್ನು ಕೊಳ್ಳುತ್ತಾನೆ’ ಎಂದು ವಾದಿಸಬಹುದು. ಆದರೆ ಗಿರಣಿಯು ವರ್ಷವಿಡೀ ಇಷ್ಟು ಸರಕು ಬೇಕೆಂದು ಮುಂಗಡವಾಗಿ ಬೇಡಿಕೆ ಕೊಡುವ ಇಂದಿನ ವ್ಯವಸ್ಥೆಯಲ್ಲಿ, ಆ ಬಾಗಿಲಲ್ಲಿ ಹಣ ಹಿಡಿದು ನಿಂತವನಿಗೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ನಡುವೆ ಇರುವುದು ದೂರ ಮಾತ್ರ, ಸಂಬಂಧವು ಕಡಿದಿಲ್ಲ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ, ಕದ್ದು ತಂದ ಮಾಲನ್ನು ಕೊಳ್ಳುವುದನ್ನೂ ದೋಷವೆಂದೇ ಎಣಿಸಿದೆ. ‘ಕದ್ದವನು ಬೇರೆ, ಕೊಂಡವನು ನಾನು’ ಎಂಬ ಸಮಾಧಾನವನ್ನು ಕಳವಿನಲ್ಲಿ ಒಪ್ಪದ ಶಾಸ್ತ್ರವು ಕೊಲೆಯಲ್ಲಿ ಒಪ್ಪುವುದೆಂದು ತಿಳಿಯುವುದು ಹೇಗೆ?

ಎರಡನೆಯ ಆಕ್ಷೇಪವು ಸಮಾಜದ ಒಳಗಿನದು. ಆದುದರಿಂದಲೇ ಹೆಚ್ಚು ತೀಕ್ಷ್ಣವಾದುದು. ‘ರೇಷ್ಮೆ ಉಟ್ಟು ಬಸದಿಗೆ ಹೋಗುವವರಿಗೆ ಸೀಗಡಿಯ ಚಿಪ್ಪಿನ ಮಾತೇಕೆ?’ ಎಂಬುದು ಅದು. ಕೂಡ್ಲಿಗಿಯ ಗಡಿಯಾಚೆಗೇ ಮೊಳಕಾಲ್ಮೂರಿನ ರೇಷ್ಮೆಯ ಮಗ್ಗಗಳಿವೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು; ಗೂಡಿನೊಳಗಿನ ಜೀವಿಯನ್ನು ಶಾಖದಿಂದ ಕೊಂದು ಎಳೆಯನ್ನು ಬಿಚ್ಚುತ್ತಾರೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಇದಕ್ಕೆ ಉತ್ತರ ಎರಡು. ಮೊದಲನೆಯದು, ಒಂದು ದೋಷವು ಮತ್ತೊಂದು ದೋಷಕ್ಕೆ ರಹದಾರಿಯಾಗದು; ರೇಷ್ಮೆಯನ್ನು ಬಿಡಲಾಗದವನು ಚಿಪ್ಪಿನ ಬಟ್ಟೆಯನ್ನೂ ಸೇರಿಸಿಕೊಳ್ಳಬೇಕೆಂಬ ನ್ಯಾಯವಿಲ್ಲ. ರೇಷ್ಮೆಯನ್ನು ತ್ಯಜಿಸಿದ ಕುಟುಂಬಗಳು ಸಮಾಜದಲ್ಲಿ ಇವೆ. ಉಳಿದವರು ಅವರನ್ನು ನೋಡಿ ನಾಚಬೇಕೇ ಹೊರತು ಅದನ್ನೇ ವಾದವನ್ನಾಗಿ ಮಾಡಿಕೊಳ್ಳಬಾರದು. ಎರಡನೆಯದು ಇದಕ್ಕಿಂತ ಮುಖ್ಯ. ರೇಷ್ಮೆಯು ತನ್ನ ಹೆಸರನ್ನು ಹೇಳಿಕೊಂಡೇ ಅಂಗಡಿಗೆ ಬರುತ್ತದೆ. ಬಿಡುವವನಿಗೆ ಬಿಡಲು ಅವಕಾಶವಿದೆ. ಕೈಟೋಸಾನ್ ಹತ್ತಿಯ ಹೆಸರಿನಲ್ಲಿ ಬರುತ್ತದೆ. ತಿಳಿದು ಮಾಡಿದ ದೋಷಕ್ಕೆ ಆಲೋಚನೆ, ಪ್ರಾಯಶ್ಚಿತ್ತಗಳು ಉಂಟು. ತಿಳಿಯಲು ಅವಕಾಶವನ್ನೇ ಕೊಡದೆ ವ್ರತಿಯ ಮೈಮೇಲೆ ಹೊದಿಸಿದ ದೋಷಕ್ಕೆ ಹೊಣೆ ಯಾರು?

ಇನ್ನು ಇಂಥ ಬಟ್ಟೆಯ ಅವಶ್ಯಕತೆ ಎಷ್ಟು ಎಂಬುದನ್ನು ನೋಡೋಣ. 2020ರ ಕೊರೋನಾ ಕಾಲದಲ್ಲಿ ಜನರ ಭಯವು ಮಾರುಕಟ್ಟೆಗೆ ದೊಡ್ಡ ಬಂಡವಾಳವಾಯಿತು. ಮುಖಗವಸಿನಿಂದ ಹಿಡಿದು ಅಂಗಿ, ಹಾಸಿಗೆಯ ಹೊದಿಕೆಗಳವರೆಗೆ ‘ರೋಗಾಣು ನಿರೋಧಕ’ ಎಂಬ ಮುದ್ರೆ ಬಿತ್ತು. ಆ ಬಟ್ಟೆಗಳಲ್ಲಿ ಬೆಳ್ಳಿ, ಸತು ಅಥವಾ ಇತರ ರಾಸಾಯನಿಕಗಳ ಲೇಪವಿದ್ದವು ಬಹಳ. ಎಲ್ಲವೂ ಕೈಟೋಸಾನ್ ಎಂದು ಆರೋಪಿಸುವುದು ಅನ್ಯಾಯ. ಆದರೆ ಯಾವುದರಲ್ಲಿ ಯಾವುದು ಎಂದು ಹೇಳುವ ಸಾಲೊಂದು ಇಲ್ಲದಿರುವಾಗ ವ್ರತಿಗೆ ಎಲ್ಲವೂ ಸಂದೇಹಾಸ್ಪದವೇ.

ಈ ಐದು ತಾಲ್ಲೂಕುಗಳ ಬಿಸಿಲಿಗೆ ಯಾರ ಶಿಫಾರಸೂ ಬೇಕಾಗಿಲ್ಲ. ಸಾಬೂನಿನಿಂದ ಒಗೆದು ಬಿಸಿಲಿಗೆ ಹರವಿದ ಬಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಒಗೆತದಿಂದ ಬೆವರು, ಕೊಳೆಗಳು ಹೋಗುತ್ತವೆ. ಬಿಸಿಲಿನ ಒಣಗು ಮತ್ತು ಅತಿನೇರಳೆ ಕಿರಣಗಳು ಉಳಿದ ಕೆಲಸವನ್ನು ಮಾಡುತ್ತವೆ. ಹೊಲದ ಕೆಲಸ ಮಾಡಿ ಬಂದವನಿಗೂ ಅಂಗಡಿಯಲ್ಲಿ ಕುಳಿತವನಿಗೂ ಪ್ರತಿದಿನ ಒಗೆದ ಬಟ್ಟೆಯೇ ಸಾಕಾದ ರಕ್ಷಣೆ. ಮೇಲಾಗಿ ಕೈಟೋಸಾನಿನ ಲೇಪವು ತಾನೂ ಶಾಶ್ವತವಲ್ಲ. ಕೇವಲ ಅದ್ದಿ ಒಣಗಿಸಿದ ಲೇಪವು ಒಗೆತದಲ್ಲಿ ಸವೆಯುತ್ತದೆ. ಅದನ್ನು ನೂಲಿಗೆ ಬಿಗಿಯಾಗಿ ಕಟ್ಟಲು ಸಿಟ್ರಿಕ್ ಆಮ್ಲವನ್ನೋ, ಕೆಲವೆಡೆ ಗ್ಲುಟರಾಲ್ಡಿಹೈಡ್ ಎಂಬ ಉಗ್ರ ರಾಸಾಯನಿಕವನ್ನೋ ಬಳಸಬೇಕಾಗುತ್ತದೆ. ಎಷ್ಟು ಒಗೆತದ ನಂತರ ಎಷ್ಟು ಗುಣ ಉಳಿಯಿತು ಎಂಬುದನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡಗಳಿವೆ. ಆದರೆ ಅಂಗಡಿಯಲ್ಲಿ ಆ ಫಲಿತಾಂಶವನ್ನು ಕೇಳಿದ ಗ್ರಾಹಕನೂ ವಿರಳ, ತೋರಿಸಬಲ್ಲ ವ್ಯಾಪಾರಿಯೂ ವಿರಳ.

ಹೀಗೆ ಪ್ರಯೋಜನವಿಲ್ಲದ ಕಡೆ ನಡೆಯುವ ಹಿಂಸೆಗೆ ಜೈನ ಶಾಸ್ತ್ರವು ಅನರ್ಥದಂಡವೆಂದು ಹೆಸರಿಟ್ಟಿದೆ. ಅದರಿಂದ ವಿರತನಾಗುವುದು ಗುಣವ್ರತಗಳಲ್ಲೊಂದು. ದಿನನಿತ್ಯದ ಅಂಗಿಗೆ, ಕಾಲುಚೀಲಕ್ಕೆ, ಮಗುವಿನ ಚಡ್ಡಿಗೆ ಸೀಗಡಿಯ ಚಿಪ್ಪಿನ ಲೇಪವು ಅನರ್ಥದಂಡಕ್ಕೆ ಇಂದಿನ ಕಾಲವು ಕೊಟ್ಟ ಉತ್ತಮ ಉದಾಹರಣೆಯೆಂದೇ ಹೇಳಬೇಕು.

ಎಲ್ಲ ಕಡೆಯೂ ಒಂದೇ ಮಾನದಂಡವನ್ನು ಹಿಡಿಯುವುದು ಏಕಾಂತವಾದವಾಗುತ್ತದೆ. ಕೈಟೋಸಾನಿಗೆ ರಕ್ತವನ್ನು ಹೆಪ್ಪುಗಟ್ಟಿಸುವ ಗುಣವಿದೆ. ಅದರಿಂದ ಮಾಡಿದ ಗಾಯದ ಪಟ್ಟಿಗೆ 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಅನುಮತಿ ದೊರೆಯಿತು. ಯುದ್ಧದಲ್ಲಿ ಗಾಯಗೊಂಡವರಿಗೂ ಅಪಘಾತಕ್ಕೆ ಸಿಕ್ಕವರಿಗೂ ಅಂಥ ಪಟ್ಟಿಗಳು ಉಪಯೋಗವಾಗಿವೆ. ರಕ್ತ ಸುರಿಯುತ್ತಿರುವ ಮನುಷ್ಯನ ಮುಂದೆ ನಿಂತು ಪಟ್ಟಿಯ ಮೂಲವನ್ನು ವಿಚಾರಿಸುವುದು ಕರುಣೆಯಲ್ಲ. ಸುಟ್ಟಗಾಯದ ರೋಗಿಯ ಹಾಸಿಗೆಗೂ ಆರೋಗ್ಯವಂತನ ಬನಿಯನ್ನಿಗೂ ಇರುವ ಅಂತರವನ್ನು ವಿವೇಕಿಯು ಬಲ್ಲನು. ಮೊದಲನೆಯದರಲ್ಲಿ ಪ್ರಾಣರಕ್ಷಣೆಯ ಪ್ರಯೋಜನವಿದೆ; ಎರಡನೆಯದರಲ್ಲಿ ಜಾಹೀರಾತಿನ ಪ್ರಯೋಜನವಲ್ಲದೆ ಬೇರಾವುದೂ ಕಾಣದು. ಆದರೆ ಆಸ್ಪತ್ರೆಯಲ್ಲಿಯೂ ರೋಗಿಗೆ ತಿಳಿಸುವ ಕರ್ತವ್ಯವು ತಪ್ಪದು. ಎಚ್ಚರವಿರುವ ವ್ರತಿಯು ಬೇರೆ ಪಟ್ಟಿಯನ್ನು ಕೇಳಬಹುದಾದರೆ ಕೇಳುವ ಹಕ್ಕು ಅವನಿಗಿರಬೇಕು.

ಪರ್ಯಾಯಗಳಿಲ್ಲವೇ? ಇವೆ. ಕೈಟೋಸಾನನ್ನೇ ಪ್ರಾಣಿಯಿಂದಲ್ಲದೆ ಶಿಲೀಂಧ್ರದಿಂದ ತೆಗೆಯಬಹುದು. ಸಿಟ್ರಿಕ್ ಆಮ್ಲದ ಕಾರ್ಖಾನೆಗಳಲ್ಲಿ ಬೆಳೆಸುವ ಆಸ್ಪರ್ಜಿಲ್ಲಸ್ ನೈಗರ್ ಎಂಬ ಬೂಷ್ಟಿನ ಶೇಷದಿಂದ ಅದನ್ನು ತೆಗೆಯುವ ಉದ್ಯಮವು ಯೂರೋಪಿನಲ್ಲಿ ನಡೆದಿದೆ. ಬೇವು, ಅರಿಶಿನಗಳ ಸಾರದಿಂದ ಬಟ್ಟೆಗೆ ಇದೇ ಗುಣವನ್ನು ಕೊಡುವ ಪ್ರಯೋಗಗಳೂ ಆಗಿವೆ. ಬೆಳ್ಳಿಯ ಸೂಕ್ಷ್ಮಕಣಗಳ ಲೇಪವು ಪ್ರಾಣಿಮೂಲದ್ದಲ್ಲ. ಆದರೆ ಒಗೆತದ ನೀರಿನೊಡನೆ ಹರಿದು ಕೆರೆ, ಹಳ್ಳಗಳ ಸೂಕ್ಷ್ಮಜೀವಿಗಳಿಗೆ ಅಪಾಯ ತರಬಲ್ಲದು. ಶಿಲೀಂಧ್ರವೂ ಜೀವಕಾಯವೇ ಎಂಬುದನ್ನು ಮರೆಯಲಾಗದು. ಸಂಪೂರ್ಣ ನಿರ್ದೋಷವಾದುದು ಗೃಹಸ್ಥನಿಗೆ ದೊರೆಯುವುದು ಕಷ್ಟ; ಅದಕ್ಕಾಗಿಯೇ ಅವನ ವ್ರತವು ಅಣುವ್ರತ. ಆದರೆ ತ್ರಸಜೀವಿಯ ಘಾತದಿಂದ ಬಂದುದಕ್ಕೂ ಸ್ಥಾವರದಿಂದ ಬಂದುದಕ್ಕೂ ಭೇದವನ್ನು ಮಾಡಿ ಕಡಿಮೆ ಹಿಂಸೆಯದನ್ನು ಆರಿಸುವುದೇ ಆ ವ್ರತದ ಜೀವಾಳ. ಹೆಸರನ್ನೇ ಹೇಳದ ಪೇಟೆಯಲ್ಲಿ ಆ ಆಯ್ಕೆಯು ಸಾಧ್ಯವಿಲ್ಲ. ಆದುದರಿಂದ ಎಲ್ಲ ವಾದಗಳೂ ಕೊನೆಗೆ ಬಂದು ನಿಲ್ಲುವುದು ಒಂದೇ ಬೇಡಿಕೆಯಲ್ಲಿ: ಲೇಪದ ಹೆಸರನ್ನೂ ಅದರ ಮೂಲವನ್ನೂ ಬಟ್ಟೆಯ ಮೇಲೆ ಬರೆಯಬೇಕು.

ಇದು ಅಸಾಧ್ಯವಾದ ಬೇಡಿಕೆಯಲ್ಲ. ಆಹಾರ ಪೊಟ್ಟಣಗಳ ಮೇಲೆ ಹಸಿರು ಮತ್ತು ಕಂದು ಗುರುತುಗಳು ಈ ಶತಮಾನದ ಮೊದಲ ವರ್ಷಗಳಿಂದಲೇ ಇವೆ. ಯೂರೋಪಿನ ಒಕ್ಕೂಟದಲ್ಲಿ 2011ರ ಜವಳಿ ನಿಯಮವು ಬಟ್ಟೆಗೆ ಸೇರಿಸಿದ ಚರ್ಮ, ತುಪ್ಪಳ ಮುಂತಾದ ಪ್ರಾಣಿಮೂಲದ ಭಾಗಗಳಿದ್ದರೆ ಹಾಗೆಂದು ಬರೆಯಬೇಕೆನ್ನುತ್ತದೆ. 2012ರ ಮತ್ತೊಂದು ನಿಯಮದ ಪ್ರಕಾರ ಬಟ್ಟೆಯು ರೋಗಾಣುವನ್ನು ಕೊಲ್ಲುತ್ತದೆಂದು ಹೇಳಿಕೊಳ್ಳುವವನು ಕೊಲ್ಲುವ ವಸ್ತುವಿನ ಹೆಸರನ್ನೂ ಹೇಳಬೇಕು. 2021ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಆಹಾರದ ಪ್ರತಿಯೊಂದು ಘಟಕವೂ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂಬುದನ್ನು ತಿಳಿಯುವುದು ಜನರ ಹಕ್ಕೆಂದು ಎತ್ತಿಹಿಡಿಯಿತು. ಆ ಪ್ರಕರಣದಲ್ಲಿ ಅರ್ಜಿದಾರರು ಉಡುಪುಗಳ ಮೇಲೂ ಇಂಥ ಗುರುತನ್ನು ಬೇಡಿದ್ದರು. ಆದೇಶವು ಹೊರಬಿದ್ದುದು ಆಹಾರದ ವಿಷಯಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಸ್ತುವಿನ ಗುಣಮಟ್ಟ, ಪರಿಶುದ್ಧತೆಗಳ ಬಗೆಗೆ ಮಾಹಿತಿ ಪಡೆಯುವುದನ್ನು ಗ್ರಾಹಕನ ಹಕ್ಕೆಂದು ಸಾರಿದೆ. ಬಾಯಿಗೆ ಹೋಗುವುದಕ್ಕೆ ಇರುವ ಮರ್ಯಾದೆಯು ಮೈಗೆ ತಾಗುವುದಕ್ಕೂ ದೊರೆಯಬೇಕೆಂದು ಕೇಳುವುದಕ್ಕೆ ಸಮಾಜದ ಸಂಘಸಂಸ್ಥೆಗಳು ಇನ್ನೂ ಏಕೆ ಮುಂದಾಗಿಲ್ಲ?

ಸರ್ಕಾರವು ನಿಯಮ ಮಾಡುವವರೆಗೆ ಕೈಕಟ್ಟಿ ಕುಳಿತುಕೊಳ್ಳುವುದೂ ಸರಿಯಲ್ಲ. ಉಮಾಸ್ವಾತಿಗಳು ಹೇಳಿದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಎಂಬುದೊಂದಿದೆ. ಒಂದನ್ನು ಮತ್ತೊಂದರಂತೆ ತೋರಿಸಿ ಮಾರುವುದು ಎಂದು ಅದರ ಅರ್ಥ. ಚಿಪ್ಪಿನ ಲೇಪವಿರುವ ಬಟ್ಟೆಯನ್ನು ‘ಶುದ್ಧ ಹತ್ತಿ’ ಎಂದು ಮಾರಿದ ಶ್ರಾವಕನು ಅರಿಯದೆಯೇ ಈ ದೋಷಕ್ಕೆ ಗುರಿಯಾಗುತ್ತಾನೆ. ಅರಿತುಕೊಳ್ಳಬಹುದಾಗಿದ್ದರೂ ಅರಿಯದೆ ಉಳಿಯುವುದಕ್ಕೆ ಶಾಸ್ತ್ರದಲ್ಲಿ ಪ್ರಮಾದವೆಂದು ಹೆಸರು. ಹಿಂಸೆಯ ಲಕ್ಷಣವನ್ನು ಆಚಾರ್ಯರು ಪ್ರಮಾದದಿಂದಲೇ ಆರಂಭಿಸಿದ್ದಾರೆ.

ಆದುದರಿಂದ ಈ ಐದು ತಾಲ್ಲೂಕುಗಳ ಜೈನ ಜವಳಿ ವ್ಯಾಪಾರಿಗಳು ಒಟ್ಟಾಗಿ ಸಗಟು ವ್ಯಾಪಾರಿಗೂ ಗಿರಣಿಗೂ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕು. ಬ್ಯಾಕ್ಟೀರಿಯಾ ನಿರೋಧಕವೆಂದು ಹೇಳುವ ಈ ಬಟ್ಟೆಗೆ ಕೊಟ್ಟ ಲೇಪ ಯಾವುದು? ಅದರ ಮೂಲವು ಪ್ರಾಣಿಯೋ, ಸಸ್ಯವೋ, ಶಿಲೀಂಧ್ರವೋ, ಲೋಹವೋ, ರಾಸಾಯನಿಕವೋ? ಎಷ್ಟು ಒಗೆತದವರೆಗೆ ಅದರ ಗುಣವು ಪರೀಕ್ಷೆಯಿಂದ ಸಿದ್ಧವಾಗಿದೆ? ಉತ್ತರ ಕೊಟ್ಟವರ ಮಾಲನ್ನು ಇಟ್ಟುಕೊಂಡು, ಉತ್ತರವನ್ನು ಬಿಲ್ಲಿನ ಮೇಲೆ ಬರೆದುಕೊಡಬೇಕು. ಉತ್ತರ ಕೊಡದವರ ಮಾಲಿನಿಂದ ಬರುವ ಲಾಭವನ್ನು ಬಿಡಬೇಕು. ಒ೦ದು ಅಂಗಡಿಯ ಪತ್ರಕ್ಕೆ ಗಿರಣಿಯು ಉತ್ತರ ಕೊಡದಿರಬಹುದು. ಕೊಟ್ಟೂರಿನ ರಥೋತ್ಸವಕ್ಕೂ ಹಡಗಲಿ ಸೀಮೆಯ ಮೈಲಾರದ ಜಾತ್ರೆಗೂ ಮುನ್ನ ಐದು ಊರುಗಳ ಅಂಗಡಿಗಳು ಒಟ್ಟಾಗಿ ಬೇಡಿಕೆಯನ್ನು ತಡೆಹಿಡಿದರೆ ಉತ್ತರವು ಬಂದೇ ಬರುತ್ತದೆ. ವ್ಯಾಪಾರದ ಭಾಷೆಯನ್ನು ಗಿರಣಿಗಳು ಚೆನ್ನಾಗಿ ಬಲ್ಲವು. ಸಮಾಜದ ವಿದ್ಯಾರ್ಥಿನಿಲಯ, ಧರ್ಮಶಾಲೆ, ಚಿಕಿತ್ಸಾಲಯಗಳಿಗೆ ಹಾಸಿಗೆಯ ಬಟ್ಟೆ, ಸಮವಸ್ತ್ರಗಳನ್ನು ಕೊಳ್ಳುವವರೂ ಇದೇ ಪ್ರಶ್ನೆಗಳನ್ನು ಟೆಂಡರಿನಲ್ಲಿ ಸೇರಿಸಬೇಕು.

ಅಹಿಂಸೆಯು ಈ ಸೀಮೆಗೆ ಹೊರಗಿನಿಂದ ಬಂದ ಮಾತಲ್ಲ. ಹಗರಿಬೊಮ್ಮನಹಳ್ಳಿ ಸೀಮೆಯ ಕೋಗಳಿಯಲ್ಲಿ ಗಂಗರ ದುರ್ವಿನೀತನು ಬಸದಿಯನ್ನು ಕಟ್ಟಿಸಿದನೆಂದು 11ನೆಯ ಶತಮಾನದ ಶಾಸನವು ನೆನೆಯುತ್ತದೆ. ಅಂದು ಹಿಂಸೆಯು ಕಣ್ಣಿಗೆ ಕಾಣುತ್ತಿತ್ತು. ಬಿಡುವವನಿಗೆ ಏನನ್ನು ಬಿಡಬೇಕೆಂಬುದು ತಿಳಿಯುತ್ತಿತ್ತು. ಇಂದು ಅದು ಬಣ್ಣವಿಲ್ಲದ, ವಾಸನೆಯಿಲ್ಲದ ಲೇಪವಾಗಿ ಬಿಳಿಯ ಹತ್ತಿಯ ಮೇಲೆ ಕುಳಿತಿದೆ. ಅದನ್ನು ಕಣ್ಣಿನಿಂದ ಕಾಣಲಾಗದು, ಕೈಯಿಂದ ಮುಟ್ಟಿ ಅರಿಯಲಾಗದು, ಕೇಳಿಯೇ ತಿಳಿಯಬೇಕು. ಕೇಳುವುದಕ್ಕೆ ಖರ್ಚಿಲ್ಲ. ಮುಂದಿನ ಮಾಲಿಗೆ ಬೇಡಿಕೆ ಬರೆಯುವಾಗ, ಅಳತೆ ಮತ್ತು ಬಣ್ಣಗಳ ಸಾಲುಗಳ ಕೆಳಗೆ ಲೇಪದ ಮೂಲವನ್ನು ಕೇಳುವ ಒಂದು ಸಾಲನ್ನು ಶ್ರಾವಕ ವ್ಯಾಪಾರಿಯು ಸೇರಿಸಲಿ. ಅವನ ವ್ರತಕ್ಕೆ ಇಂದಿನ ಪೇಟೆಯಲ್ಲಿ ಅದಕ್ಕಿಂತ ಸುಲಭವಾದ ಆರಂಭವಿಲ್ಲ.